ಹಿಮದ ನಾಡಿನಲ್ಲಿ ನಮ್ಮ ಮಕ್ಕಳ ಕಾರು: ಹಿರಿಯರು ಅರಿತಿರಬೇಕಾದ ಕೆಲವು ಸಂಗತಿಗಳು

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ನೆಲೆಸಿರುವ ನಮ್ಮ ಸಮಾಜದ ಅನೇಕ ಮನೆಗಳ ಮಕ್ಕಳು ಇಂದು ಅಮೆರಿಕ, ಕೆನಡಾ ದೇಶಗಳಲ್ಲಿ ಸಂಸಾರ ಹೂಡಿದ್ದಾರೆ. ಮಗಳ ಬಾಣಂತನಕ್ಕೆಂದು ತಾಯಿ, ಮೊಮ್ಮಗುವಿನ ನಾಮಕರಣಕ್ಕೆಂದು ತಂದೆ, ಹೀಗೆ ಹಿರಿಯರು ಅಲ್ಲಿಗೆ ಹೋಗಿ ಬರುವುದು ವಾಡಿಕೆಯಾಗಿದೆ. ಹೆರಿಗೆಯು ಋತುಮಾನವನ್ನು ಕಾಯುವುದಿಲ್ಲ. ಆದಕಾರಣ ಡಿಸೆಂಬರಿನಿಂದ ಮಾರ್ಚಿಯವರೆಗಿನ ಕಡುಚಳಿಯ ದಿನಗಳಲ್ಲಿಯೂ ನಮ್ಮವರು ಆ ನಾಡುಗಳಲ್ಲಿ ಇರಬೇಕಾಗುತ್ತದೆ. ಹೊರಡುವ ಮುನ್ನ ಅಂಟಿನುಂಡೆ, ಚಟ್ನಿಪುಡಿ, ವಿಭೂತಿಗಟ್ಟಿ, ಉಣ್ಣೆಯ ಅಂಗಿ ಎಲ್ಲವನ್ನೂ ನೆನಪಿನಿಂದ ಕಟ್ಟಿಕೊಳ್ಳುತ್ತೇವೆ. ಆದರೆ ಮುಂಜಾನೆ ಬಾಗಿಲು ತೆರೆದಾಗ ಅಂಗಳದ ಕಾರು ಹಿಮದಡಿಯಲ್ಲಿ ಹುದುಗಿ ಹೋಗಿದ್ದರೆ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನನ್ನು ಮಾಡಬಾರದು ಎಂಬುದನ್ನು ನಮಗೆ ಯಾರೂ ಹೇಳಿಕೊಡುವುದಿಲ್ಲ. ಸಣ್ಣ ವಿಷಯವೆಂದು ತೋರುವ ಈ ಅರಿವಿನ ಕೊರತೆಯಿಂದ ಜೀವಗಳೇ ಹೋದದ್ದುಂಟು. ಅದರಿಂದ ಈ ಲೇಖನ.

ನಮ್ಮ ಊರಿನ ಅನುಭವ ಇಲ್ಲಿ ನೆರವಿಗೆ ಬರಲಾರದು. ಬೆಂಗಳೂರಿನಲ್ಲಿ ಈವರೆಗೆ ದಾಖಲಾಗಿರುವ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿ 13ರಂದು. ನೀರು ಹೆಪ್ಪುಗಟ್ಟುವುದು ಸೊನ್ನೆ ಡಿಗ್ರಿಯಲ್ಲಿ. ಎಂದರೆ ನಮ್ಮ ಹಿಂದಿನ ನಾಲ್ಕೈದು ತಲೆಮಾರುಗಳಲ್ಲಿ ಯಾರೂ ಈ ಊರಿನ ಅಂಗಳದಲ್ಲಿ ನೀರು ಹೆಪ್ಪುಗಟ್ಟಿದ್ದನ್ನು ಕಂಡಿಲ್ಲ. ಇಬ್ಬನಿಯನ್ನು ಬಲ್ಲೆವು, ಬೆಳಗಿನ ಮಂಜನ್ನು ಬಲ್ಲೆವು, ಬೇಸಗೆಯ ಗಾಳಿಮಳೆಯಲ್ಲಿ ಬೀಳುವ ಆಲಿಕಲ್ಲನ್ನು ಬಲ್ಲೆವು. ಆದರೆ 2019ರ ಜನವರಿ 30ರಂದು ಷಿಕಾಗೋ ನಗರದಲ್ಲಿ ಉಷ್ಣತೆಯು ಸೊನ್ನೆಗಿಂತ 30 ಡಿಗ್ರಿ ಕೆಳಕ್ಕೆ ಇಳಿದಿತ್ತು. ಅಂಥ ಚಳಿಯನ್ನು ಊಹಿಸುವುದಕ್ಕೂ ನಮಗೆ ಆಧಾರವಿಲ್ಲ.

ಕೇದಾರದ ಪಾಠ

ಹಾಗೆಂದು ಹಿಮವು ನಮ್ಮ ಪರಂಪರೆಗೆ ತೀರ ಅಪರಿಚಿತವೇನೂ ಅಲ್ಲ. ಪಂಚಪೀಠಗಳಲ್ಲಿ ಒಂದಾದ ಕೇದಾರ ಪೀಠವು ಹಿಮಾಲಯದ ಊಖೀಮಠದಲ್ಲಿದೆ. ಸುಮಾರು 3,580 ಮೀಟರ್ ಎತ್ತರದಲ್ಲಿರುವ ಕೇದಾರನಾಥ ದೇವಾಲಯದ ರಾವಲರು ಕರ್ನಾಟಕದ ವೀರಶೈವ ಪರಂಪರೆಗೆ ಸೇರಿದವರೆಂಬುದು ಓದುಗರಿಗೆ ತಿಳಿದ ವಿಷಯ. ದೀಪಾವಳಿಯ ಬೆನ್ನಲ್ಲೇ ಬರುವ ಯಮದ್ವಿತೀಯೆಯಂದು ಅಲ್ಲಿ ಗುಡಿಯ ಬಾಗಿಲು ಮುಚ್ಚುತ್ತದೆ. ಉತ್ಸವಮೂರ್ತಿಯನ್ನು ಕೆಳಗಿನ ಊಖೀಮಠದ ಓಂಕಾರೇಶ್ವರ ದೇವಾಲಯಕ್ಕೆ ಕರೆತಂದು, ಸುಮಾರು ಆರು ತಿಂಗಳ ಕಾಲ ಅಲ್ಲಿಯೇ ಪೂಜೆ ಸಲ್ಲಿಸಲಾಗುತ್ತದೆ. ಬೇಸಗೆಯ ಆರಂಭದಲ್ಲಿ ಮತ್ತೆ ಬಾಗಿಲು ತೆರೆಯುತ್ತದೆ. ಹಿಮದೊಡನೆ ಹಟ ಹೂಡದೆ, ಅದರ ಕಾಲವನ್ನರಿತು, ಮುಂಚಿತವಾಗಿ ಸಿದ್ಧರಾಗಿ ನಡೆದುಕೊಳ್ಳುವ ಈ ಕ್ರಮವು ಗೃಹಸ್ಥರಿಗೂ ಮೇಲ್ಪಂಕ್ತಿಯಾಗಿದೆ.

ಗಾಜಿನ ಮೇಲೆ ಹಿಮ ಕೂರುವ ಬಗೆ

ಕಾರಿನ ಮೇಲೆ ಕೂರುವ ಹಿಮವು ಮೂರು ಬಗೆಯದು. ಮೊದಲನೆಯದು ನೀಹಾರ. ಡಿಸೆಂಬರಿನ ಬೆಳಗಿನಲ್ಲಿ ಜಯನಗರದ ಬೀದಿಯಲ್ಲಿ ನಿಲ್ಲಿಸಿದ ಕಾರಿನ ಗಾಜು ಇಬ್ಬನಿಯಿಂದ ತೊಯ್ದಿರುವುದನ್ನು ನಾವು ನೋಡಿದ್ದೇವೆ. ಮೋಡವಿಲ್ಲದ ರಾತ್ರಿಯಲ್ಲಿ ಗಾಜು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಣ ಗಾಳಿಗಿಂತಲೂ ತಣ್ಣಗಾಗುತ್ತದೆ. ಗಾಳಿಯ ತೇವವು ಅದರ ಮೇಲೆ ಹನಿಯಾಗಿ ಕೂರುತ್ತದೆ. ಅಲ್ಲಿ ಗಾಜು ಸೊನ್ನೆ ಡಿಗ್ರಿಗಿಂತ ಕೆಳಗಿಳಿಯುವುದರಿಂದ ಅದೇ ತೇವವು ಹನಿಯಾಗದೆ ನೇರವಾಗಿ ಬಿಳಿಯ ಹರಳಾಗಿ ಅಂಟಿಕೊಳ್ಳುತ್ತದೆ. ಎರಡನೆಯದು ಆಕಾಶದಿಂದ ಬೀಳುವ ಹತ್ತಿಯಂಥ ಹಿಮ. ಮೂರನೆಯದು ಎಲ್ಲಕ್ಕಿಂತ ಕಠಿಣವಾದದ್ದು. ಮಳೆಯಾಗಿ ಬಿದ್ದ ನೀರು ತಣ್ಣಗಿನ ಲೋಹವನ್ನೂ ಗಾಜನ್ನೂ ಮುಟ್ಟಿದೊಡನೆ ಗಟ್ಟಿಯಾಗಿ ಇಡೀ ಕಾರಿಗೆ ಗಾಜಿನ ಕವಚ ತೊಡಿಸಿದಂತಾಗುತ್ತದೆ.

ಹತ್ತಿಯಂತೆ ಕಂಡರೂ ಹಿಮಕ್ಕೆ ತೂಕವುಂಟು. ಹೊಸದಾಗಿ ಬಿದ್ದ ಹಿಮದಲ್ಲಿ ಸಾಮಾನ್ಯವಾಗಿ ಹತ್ತರಲ್ಲೊಂದು ಪಾಲು ನೀರಿರುತ್ತದೆಂದು ಲೆಕ್ಕ. ಅದರಂತೆ ಒಂದು ಚದರ ಮೀಟರ್ ಜಾಗದಲ್ಲಿ 30 ಸೆಂಟಿಮೀಟರ್ ಹಿಮ ಕುಳಿತರೆ ಸುಮಾರು 30 ಕಿಲೋಗ್ರಾಂ ಭಾರವಾಗುತ್ತದೆ. ಒದ್ದೆ ಹಿಮವಾದರೆ ಇನ್ನೂ ಹೆಚ್ಚು. ಕಾರಿನ ಮಾಡು, ಮುಂದಿನ ಮುಚ್ಚಳ, ಹಿಂಭಾಗ ಎಲ್ಲವನ್ನೂ ಕೂಡಿದರೆ ಒಂದೆರಡು ಅಕ್ಕಿಮೂಟೆಯ ಭಾರವೇ ಆದೀತು.

ಮೊದಲು ನೋಡಬೇಕಾದದ್ದು ಹೊಗೆಯ ಕೊಳವೆ

ಈ ಲೇಖನದಲ್ಲಿ ಒಂದೇ ಒಂದು ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಅದು ಇದಾಗಿರಲಿ: ಹಿಮ ಬಿದ್ದ ದಿನ ಕಾರಿನ ಎಂಜಿನ್ ಚಾಲೂ ಮಾಡುವ ಮೊದಲು, ಹಿಂಬದಿಗೆ ಹೋಗಿ, ಹೊಗೆ ಹೊರಬರುವ ಸೈಲೆನ್ಸರ್ ಕೊಳವೆಯ ಸುತ್ತಲಿನ ಹಿಮವನ್ನು ಪೂರ್ತಿಯಾಗಿ ತೆಗೆಯಬೇಕು.

ಆ ಕೊಳವೆ ಹಿಮದಿಂದ ಮುಚ್ಚಿಹೋಗಿದ್ದರೆ ಎಂಜಿನ್ನಿನ ಹೊಗೆಯು ಹೊರಹೋಗಲಾರದೆ ಕಾರಿನ ಒಳಕ್ಕೆ ನುಗ್ಗುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಅನಂತರ ಮಂಪರು, ಆಮೇಲೆ ಎಚ್ಚರವೇ ಇಲ್ಲ. ಒಳಗಿರುವವರು ಬೆಚ್ಚಗೆ ನಿದ್ರಿಸುತ್ತಿದ್ದಾರೆಂದೇ ಹೊರಗಿನವರು ಭಾವಿಸುತ್ತಾರೆ.

2016ರ ಜನವರಿಯ ಹಿಮಬಿರುಗಾಳಿಯಲ್ಲಿ ನ್ಯೂಜೆರ್ಸಿ ರಾಜ್ಯದ ಪಸಾಯಿಕ್ ಎಂಬ ಊರಿನಲ್ಲಿ ಹೀಗೆಯೇ ಆಯಿತು. ತಂದೆಯು ಕಾರಿನ ಸುತ್ತಲಿನ ಹಿಮವನ್ನು ತೆಗೆಯುತ್ತಿದ್ದನು. ಚಳಿಯಾಗದಿರಲೆಂದು ತಾಯಿಯೂ ಮಕ್ಕಳೂ ಎಂಜಿನ್ ಹಾಕಿದ ಕಾರಿನೊಳಗೆ ಕುಳಿತಿದ್ದರು. ಹೊಗೆಯ ಕೊಳವೆ ಹಿಮದಲ್ಲಿ ಹುದುಗಿತ್ತು. ತಾಯಿಯೂ ಎಳೆಯ ಮಗುವೂ ಅಂದೇ ತೀರಿಕೊಂಡರು. ಪ್ರೀತಿಯಿಂದ ಮಾಡಿದ ಏರ್ಪಾಡೇ ಪ್ರಾಣಕ್ಕೆ ಎರವಾಯಿತು. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರೀ ಗಿರಿಧಾಮದಲ್ಲಿ ಹಿಮದ ನಡುವೆ ವಾಹನಗಳಲ್ಲಿ ಸಿಲುಕಿದ ಪ್ರವಾಸಿಗರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಬಯಲುಸೀಮೆಯಿಂದ ಹಿಮ ನೋಡಲು ಹೋದ ಕುಟುಂಬಗಳು ಅವರಲ್ಲಿ ಇದ್ದವು. ನಮ್ಮ ಬೆಂಗಳೂರಿನವರೂ ಮಕ್ಕಳಿಗೆ ಹಿಮ ತೋರಿಸಲೆಂದು ಮನಾಲಿಯ ಕಡೆಗೆ ಪ್ರವಾಸ ಹೊರಡುವ ಈ ದಿನಗಳಲ್ಲಿ ಅವರಿಗೂ ಈ ಎಚ್ಚರಿಕೆ ಸಲ್ಲುತ್ತದೆ. 2024ರ ಡಿಸೆಂಬರಿನಲ್ಲಿ ಸೋಲಂಗ್ ಮತ್ತು ಅಟಲ್ ಸುರಂಗದ ನಡುವಣ ದಾರಿಯಲ್ಲಿ ನೂರಾರು ವಾಹನಗಳು ಹಿಮದಲ್ಲಿ ಸಿಕ್ಕಿಕೊಂಡಿದ್ದವು.

ಆದುದರಿಂದ ಹಿಮ ತೆಗೆಯುವ ಹೊತ್ತಿನಲ್ಲಿ ಮಗುವನ್ನು ಎತ್ತಿಕೊಂಡ ಅಜ್ಜಿ ಮನೆಯೊಳಗೇ ಇರಲಿ. ಕಾರಿನೊಳಗೆ ಕಾಯುವುದು ಬೇಡ. ಮನೆಗೆ ಅಂಟಿಕೊಂಡಿರುವ ಗ್ಯಾರೇಜಿನಲ್ಲಿ ಕಾರನ್ನು ಚಾಲೂ ಮಾಡಿ ಬೆಚ್ಚಗಾಗಿಸುವುದೂ ಬೇಡ. ಗ್ಯಾರೇಜಿನ ಬಾಗಿಲು ತೆರೆದಿದ್ದರೂ ವಿಷಾನಿಲವು ಮನೆಯೊಳಕ್ಕೆ ಸೇರಬಲ್ಲದು. ವಿದ್ಯುಚ್ಚಾಲಿತ ಕಾರುಗಳಿಗೆ ಈ ಹೊಗೆಯ ಭಯವಿಲ್ಲವಾದರೂ ಮೇಲಿನ ಹಿಮವನ್ನು ತೆಗೆಯುವ ಕೆಲಸ ತಪ್ಪಿದ್ದಲ್ಲ.

ತೆಗೆಯುವ ಕ್ರಮ

ಹೊಗೆಯ ಕೊಳವೆ ತೆರವಾದ ಮೇಲೆ ಎಂಜಿನ್ ಚಾಲೂ ಮಾಡಿ, ಮುಂದಿನ ಗಾಜಿಗೆ ಬಿಸಿಗಾಳಿ ಬೀಸುವ ಡಿಫ್ರಾಸ್ಟರನ್ನು ಹಾಕಬೇಕು. ಹೊರಗಿನ ಗಾಳಿ ಒಳಬರುವಂತೆ ಇಡಬೇಕೇ ಹೊರತು ಒಳಗಿನ ಗಾಳಿಯೇ ಸುತ್ತುವಂತೆ ಇಡಬಾರದು. ಉಸಿರಿನ ತೇವದಿಂದ ಗಾಜು ಒಳಗಡೆಯಿಂದಲೂ ಮಸುಕಾಗುತ್ತದೆ. ಏಸಿಯನ್ನೂ ಜೊತೆಗೆ ಹಾಕಿದರೆ ಅದು ಗಾಳಿಯ ತೇವವನ್ನು ಹೀರುವುದರಿಂದ ಗಾಜು ಬೇಗ ತಿಳಿಯಾಗುತ್ತದೆ. ಚಳಿಯಲ್ಲಿ ಏಸಿ ಏಕೆಂದು ಹಿರಿಯರು ಬೆರಗಾಗಬೇಕಿಲ್ಲ.

ಬಳಿಕ ಉದ್ದ ಹಿಡಿಯ ಮೃದುವಾದ ಬ್ರಷ್ಷಿನಿಂದ ಮೊದಲು ಮಾಡನ್ನು ಗುಡಿಸಬೇಕು. ಮೇಲಿನದು ಕೆಳಕ್ಕೆ ಬೀಳುವುದರಿಂದ ಮಾಡು, ಗಾಜುಗಳು, ಮುಂದಿನ ಮುಚ್ಚಳ, ಹಿಂಭಾಗ, ಕೊನೆಗೆ ದೀಪಗಳು ಮತ್ತು ನಂಬರ್ ಫಲಕ, ಇದೇ ಸರಿಯಾದ ಅನುಕ್ರಮ. ಅಟ್ಟ ಗುಡಿಸಿ ಆಮೇಲೆ ನೆಲ ಗುಡಿಸುವ ನಮ್ಮ ಗೃಹಿಣಿಯರಿಗೆ ಇದನ್ನು ಬಿಡಿಸಿ ಹೇಳಬೇಕಾದದ್ದಿಲ್ಲ. ಗಾಜಿಗೆ ಗಟ್ಟಿಯಾಗಿ ಅಂಟಿದ ಪದರವನ್ನು ಪ್ಲಾಸ್ಟಿಕ್ಕಿನ ಸ್ಕ್ರೇಪರಿನಿಂದ ಮಾತ್ರ ಕೆರೆಯಬೇಕು. ಚಾಕು, ಸೌಟು, ಲೋಹದ ಪಟ್ಟಿ ಯಾವುದೂ ಸಲ್ಲದು. ಹಳೆಯ ಫ್ರಿಜ್ಜುಗಳಲ್ಲಿ ಕಟ್ಟಿದ ಹಿಮವನ್ನು ಚಾಕುವಿನಿಂದ ಕೆತ್ತಲು ಹೋಗಿ ಕೊಳವೆ ತೂತಾಗಿ ಫ್ರಿಜ್ಜೇ ಕೆಟ್ಟ ಪ್ರಸಂಗಗಳನ್ನು ಬಲ್ಲವರು ಈ ಮಾತನ್ನು ಒಪ್ಪುತ್ತಾರೆ. ಹಿಂದಿನ ಗಾಜಿನ ಒಳಬದಿಯಲ್ಲಿ ಬಿಸಿಯಾಗುವ ಸಣ್ಣ ವಿದ್ಯುತ್ ಗೆರೆಗಳಿರುತ್ತವೆ; ಒಳಗಡೆ ಕೆರೆದರೆ ಅವು ಹಾಳಾಗುತ್ತವೆ.

ವೈಪರುಗಳು ಗಾಜಿಗೆ ಅಂಟಿಕೊಂಡಿರುವಾಗ ಅವನ್ನು ಚಾಲೂ ಮಾಡಿದರೆ ರಬ್ಬರ್ ಹರಿಯುತ್ತದೆ, ಮೋಟಾರ್ ಸುಡುವುದೂ ಉಂಟು. ಆದುದರಿಂದ ಹಿಂದಿನ ಸಂಜೆ ಕಾರು ನಿಲ್ಲಿಸುವಾಗ ವೈಪರನ್ನು ಆರಿಸಿ ಬಿಟ್ಟಿರಬೇಕು. ಹಿಮ ಬೀಳುವ ಮುನ್ಸೂಚನೆ ಇದ್ದಾಗ ಅವನ್ನು ಗಾಜಿನಿಂದ ಎತ್ತಿ ನಿಲ್ಲಿಸುವವರೂ ಇದ್ದಾರೆ. ಕಾರಿನ ಮೂತಿಯನ್ನು ಪೂರ್ವಕ್ಕೆ ಮಾಡಿ ನಿಲ್ಲಿಸಿದರೆ ಮುಂಜಾನೆಯ ಸೂರ್ಯನೂ ಒಂದಿಷ್ಟು ನೆರವಾಗುತ್ತಾನೆ. ಗಾಜಿನ ಮೇಲೆ ಮುಚ್ಚಲು ಅದಕ್ಕೆಂದೇ ಸಿಗುವ ಹೊದಿಕೆ ಒಳ್ಳೆಯದು. ಹಳೆಯ ಸೀರೆ, ದುಪ್ಪಟಿ ಹೊದಿಸಿದರೆ ಅದು ತೇವ ಹೀರಿ ಗಾಜಿಗೇ ಹೆಪ್ಪುಗಟ್ಟಿ ಕೆಲಸ ಇಮ್ಮಡಿಯಾಗುತ್ತದೆ.

ಬಿಸಿನೀರು ಬೇಡ

ನಮ್ಮ ತಾಯಂದಿರಿಗೆ ಮೊದಲು ಹೊಳೆಯುವ ಉಪಾಯವೆಂದರೆ ಒಂದು ತಪ್ಪಲೆ ಬಿಸಿನೀರು ತಂದು ಗಾಜಿನ ಮೇಲೆ ಸುರಿಯುವುದು. ಇದು ಸರ್ವಥಾ ಕೂಡದು. ಹಿಂದೆ ಹಳ್ಳಿಗಳಲ್ಲಿ ಉರಿಯುತ್ತಿರುವ ಲಾಟೀನಿನ ಗಾಜಿನ ಮೇಲೆ ಒಂದು ಹನಿ ತಣ್ಣೀರು ಬಿದ್ದರೆ ಅದು ಪಟ್ಟನೆ ಸೀಳುತ್ತಿದ್ದುದನ್ನು ನೆನಪಿಸಿಕೊಳ್ಳಬೇಕು. ಗಾಜಿನ ಒಂದು ಭಾಗ ಹಠಾತ್ತಾಗಿ ಕುಗ್ಗಿಯೋ ಹಿಗ್ಗಿಯೋ ಪಕ್ಕದ ಭಾಗ ಹಾಗಾಗದೆ ಉಳಿಯುವುದೇ ಅದಕ್ಕೆ ಕಾರಣ. ಹಿಮಗಟ್ಟಿದ ಕಾರಿನ ಗಾಜಿಗೂ ಬಿಸಿನೀರಿನಿಂದ ಅದೇ ಗತಿ. ಗಾಜು ಉಳಿದರೂ ಸುರಿದ ನೀರು ಕ್ಷಣದಲ್ಲಿ ಹೆಪ್ಪುಗಟ್ಟಿ, ಕಾಲಿಡುವ ಜಾಗವೆಲ್ಲ ಜಾರುಬಂಡೆಯಾಗುತ್ತದೆ.

ಹಿಮವನ್ನು ಸಡಿಲಿಸಲು ದ್ರಾವಣವೇ ಬೇಕಾದರೆ ಎರಡು ಪಾಲು ಐಸೊಪ್ರೊಪೈಲ್ ಆಲ್ಕೊಹಾಲಿಗೆ ಒಂದು ಪಾಲು ನೀರು ಬೆರೆಸಿ ಸಿಂಪಡಿಸಬಹುದು. ಆಲ್ಕೊಹಾಲು ನೀರಿಗಿಂತ ಬಹಳ ಕೆಳಗಿನ ಉಷ್ಣತೆಯಲ್ಲಿ ಹೆಪ್ಪುಗಟ್ಟುವುದರಿಂದ ಪದರವು ಸಡಿಲವಾಗುತ್ತದೆ. ಗಾಜು ತೊಳೆಯಲು ಕಾರಿನ ತೊಟ್ಟಿಗೆ ಬರಿಯ ನೀರು ಹಾಕದೆ ಚಳಿಗಾಲಕ್ಕೆಂದೇ ಮಾರುವ ದ್ರವವನ್ನೇ ಹಾಕಬೇಕು. ಅದರಲ್ಲಿ ಮೆಥನಾಲ್ ಇರುವುದು ಸಾಮಾನ್ಯ. ರೇಡಿಯೇಟರಿಗೆ ಹಾಕುವ ಎಥಿಲಿನ್ ಗ್ಲೈಕಾಲ್ ದ್ರವವಂತೂ ರುಚಿಗೆ ಸಿಹಿ, ಪರಿಣಾಮದಲ್ಲಿ ಘೋರ ವಿಷ. ಈ ಡಬ್ಬಗಳನ್ನು ಮೊಮ್ಮಕ್ಕಳ ಕೈಗೆ ಎಟುಕದಂತೆ ಇರಿಸುವುದು ಮನೆಯಲ್ಲಿರುವ ಹಿರಿಯರು ಹೊರಬಹುದಾದ ಹೊಣೆ.

ಉಪ್ಪಿನ ಗುಣ

ಉಪ್ಪೂ ಆಲಿಕಲ್ಲೂ ನೀರಿನಲ್ಲಿ ಕರಗುವ ದೃಷ್ಟಾಂತವನ್ನು ನಮ್ಮ ಶರಣರು ಅನುಭಾವದ ನಿರೂಪಣೆಗೆ ಬಳಸಿದ್ದಾರೆ. ಆ ಎರಡೂ ವಸ್ತುಗಳು ಪಶ್ಚಿಮದ ಬೀದಿಗಳಲ್ಲಿ ಒಂದಾಗುತ್ತವೆ. ಹಿಮ ಬೀಳುವ ಮುನ್ನವೂ ಬಿದ್ದ ಮೇಲೂ ರಸ್ತೆಗಳಿಗೆ ಉಪ್ಪು ಎರಚುತ್ತಾರೆ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ; ಚಳಿ ಇನ್ನೂ ಕೆಳಗಿಳಿಯಬೇಕು. ಕೈಯಿಂದ ತಿರುಗಿಸುವ ಮರದ ಪೀಪಾಯಿಯಲ್ಲಿ ಐಸ್‌ಕ್ರೀಮ್ ಮಾಡುವವರು ಮಂಜುಗಡ್ಡೆಗೆ ಕಲ್ಲುಪ್ಪು ಬೆರೆಸುತ್ತಿದ್ದುದು ಇದೇ ಗುಣವನ್ನು ನೆಚ್ಚಿ. ಆದರೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಹೋದಂತೆ ಸಾಮಾನ್ಯ ಉಪ್ಪಿನ ಪ್ರಭಾವ ಕುಂದುತ್ತದೆ. ಆಗ ಕ್ಯಾಲ್ಸಿಯಂ ಕ್ಲೋರೈಡ್ ಬಳಸುತ್ತಾರೆ. ಬಾಗಿಲ ಮುಂದಿನ ಮೆಟ್ಟಿಲಿಗೂ ಕಾಲುದಾರಿಗೂ ಉಪ್ಪು ಹಾಕುವುದು ಸರಿ. ಕಾರಿನ ಮೇಲೆ ಹಾಕಿದರೆ ಬಣ್ಣ ಕೆಡುತ್ತದೆ, ಲೋಹಕ್ಕೆ ತುಕ್ಕು ಹಿಡಿಯುತ್ತದೆ. ರಸ್ತೆಯ ಉಪ್ಪು ಕಾರಿನ ತಳಕ್ಕೂ ಅಂಟುವುದರಿಂದ ಚಳಿಗಾಲದಲ್ಲಿ ಆಗಾಗ ತಳವನ್ನು ತೊಳೆಸಬೇಕು.

ಹಿರಿಯರ ಕೈಗೆ ಸಲಿಕೆ ಬೇಡ

ಇನ್ನು ಸ್ವಲ್ಪ ಕಠಿಣವಾದ ಮಾತು. ಜೀವನವಿಡೀ ದುಡಿದು ನಿವೃತ್ತರಾದ ನಮ್ಮ ಹಿರಿಯರಿಗೆ ಮಗನ ಮನೆಯಲ್ಲಿ ಸುಮ್ಮನೆ ಕೂರಲು ಮನಸ್ಸು ಬಾರದು. ಕಾಯಕತತ್ವವನ್ನು ಉಸಿರಾಗಿಸಿಕೊಂಡ ಸಮಾಜ ನಮ್ಮದು. ಮಗನು ಏಳುವ ಮೊದಲೇ ಅಂಗಳದ ಹಿಮವನ್ನು ತೆಗೆದಿಡೋಣವೆಂದು ಸಲಿಕೆ ಹಿಡಿದು ಹೊರಡುವ ತಂದೆಯ ಮನಸ್ಸು ದೊಡ್ಡದು. ಆದರೆ ಅವರ ಹೃದಯಕ್ಕೆ ಆ ಕೆಲಸ ಬಹಳ ಭಾರ. ಚಳಿಗೆ ರಕ್ತನಾಳಗಳು ಸಂಕೋಚಗೊಂಡು ರಕ್ತದೊತ್ತಡ ಏರುತ್ತದೆ. ಅದೇ ಹೊತ್ತಿಗೆ ತೋಳುಗಳಿಂದ ಭಾರ ಎತ್ತಿ ಎಸೆಯುವ ಶ್ರಮದಿಂದ ಹೃದಯದ ಬಡಿತವೂ ಏರುತ್ತದೆ. ಹಿಮ ತೆಗೆಯುವಾಗ ಹೃದಯಾಘಾತವಾಗುವುದು ಆ ದೇಶಗಳಲ್ಲಿ ಪ್ರತಿ ಚಳಿಗಾಲದಲ್ಲೂ ಕಾಣುವ ಸಂಗತಿ. ಬೆಂಗಳೂರಿನ ಹವೆಗೆ ಒಗ್ಗಿದ, ಅರವತ್ತು ದಾಟಿದ, ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಇರುವ ಶರೀರವು ಆ ಸಾಹಸಕ್ಕೆ ಇಳಿಯಬಾರದು. ಕಾಯಕದಲ್ಲಿ ವಿವೇಕವೂ ಸೇರಿರಬೇಕು. ಒಳಗೆ ಬಿಸಿ ಕಷಾಯ ಸಿದ್ಧಪಡಿಸುವುದು, ಮಗುವನ್ನು ನೋಡಿಕೊಳ್ಳುವುದು ಸಹ ಕಾಯಕವೇ.

ಎದೆನೋವು, ಎಡತೋಳು ಅಥವಾ ದವಡೆಯಲ್ಲಿ ನೋವು, ಉಸಿರಾಟದ ತೊಂದರೆ ಕಂಡರೆ ಸಂಕೋಚಪಡದೆ ಹೇಳಬೇಕು. ಅಮೆರಿಕ, ಕೆನಡಾ ಎರಡರಲ್ಲೂ ತುರ್ತು ಕರೆಯ ಸಂಖ್ಯೆ 911. ಈ ಸಂಖ್ಯೆಯನ್ನೂ ಮನೆಯ ವಿಳಾಸವನ್ನೂ ದೊಡ್ಡ ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳುವುದು ಒಳ್ಳೆಯದು. ಹೊರಗೆ ಕಾಲಿಡಲೇಬೇಕಾದರೆ ಹವಾಯಿ ಚಪ್ಪಲಿ ಬಿಟ್ಟು ತಳ ಒರಟಾದ ಬೂಟು ಹಾಕಿಕೊಂಡು, ಸಣ್ಣ ಸಣ್ಣ ಹೆಜ್ಜೆಯಿಟ್ಟು, ಕೈಗಳನ್ನು ಜೇಬಿನಲ್ಲಿಡದೆ ನಡೆಯಬೇಕು. ಸ್ನಾನ ಮಾಡಿ ಲಿಂಗಪೂಜೆ ಮುಗಿಸಿದೊಡನೆ ಒದ್ದೆ ತಲೆಯಲ್ಲಿ ಬಾಗಿಲಾಚೆ ಹೋಗುವ ಅಭ್ಯಾಸವನ್ನೂ ಅಲ್ಲಿ ಬಿಡಬೇಕು.

ಮಗುವಿನ ವಿಷಯದಲ್ಲಿ ಅಜ್ಜಿಯರಿಗೆ ಇನ್ನೊಂದು ಮಾತು. ದಪ್ಪ ಕೋಟು ತೊಡಿಸಿ ಮಗುವನ್ನು ಕಾರಿನ ಆಸನಕ್ಕೆ ಬಿಗಿಯಬಾರದು. ಅಪಘಾತದಲ್ಲಿ ಕೋಟಿನೊಳಗಿನ ಹತ್ತಿ ಅಮುಕಿ, ಪಟ್ಟಿ ಸಡಿಲವಾಗಿ, ಮಗು ಜಾರುತ್ತದೆ. ಕೋಟು ತೆಗೆದು, ಪಟ್ಟಿಯನ್ನು ಮೈಗೆ ಹೊಂದುವಂತೆ ಬಿಗಿದು, ಅದರ ಮೇಲೆ ಕಂಬಳಿ ಹೊದಿಸಬೇಕು.

ಪರರ ಪ್ರಾಣದ ಹೊಣೆ

ಗಾಜಿನಲ್ಲಿ ಇಣುಕಲು ಒಂದು ಕಿಂಡಿಯಷ್ಟು ತೆರವು ಮಾಡಿಕೊಂಡು, ಮಾಡಿನ ಮೇಲಿನ ಹಿಮವನ್ನು ಹಾಗೆಯೇ ಬಿಟ್ಟು ಹೊರಡುವವರಿದ್ದಾರೆ. ಬ್ರೇಕ್ ಹಾಕಿದಾಗ ಆ ರಾಶಿ ಮುಂದಿನ ಗಾಜಿನ ಮೇಲೆ ಜಾರಿ ಚಾಲಕನ ಕಣ್ಣು ಕಟ್ಟುತ್ತದೆ. ವೇಗವಾಗಿ ಹೋಗುವಾಗ ಗಟ್ಟಿಯಾದ ಹಲಗೆಯಂತೆ ಹಾರಿ ಹಿಂದೆ ಬರುವವರ ಗಾಜಿಗೆ ಬಡಿಯುತ್ತದೆ. ಇಂಥ ಅಪಘಾತಗಳಲ್ಲಿ ಜೀವಹಾನಿಯಾದ ಮೇಲೆ ನ್ಯೂ ಹ್ಯಾಂಪ್‌ಶೈರ್, ಪೆನ್ಸಿಲ್ವೇನಿಯಾ ರಾಜ್ಯಗಳು ಕಾನೂನು ತಂದವು. ನ್ಯೂಜೆರ್ಸಿಯಲ್ಲೂ ಹಿಮ ತೆಗೆಯದವರಿಗೆ ದಂಡವುಂಟು. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರುಗಳು ಕಡ್ಡಾಯ. ದಯೆಯನ್ನು ಧರ್ಮದ ಮೂಲವೆಂದು ತಿಳಿದ ನಮಗೆ ದಂಡದ ಭಯ ಬೇಕಾಗಿಲ್ಲ. ಹಿಂದೆ ಬರುವ ಕಾರಿನಲ್ಲಿಯೂ ಯಾರದೋ ಮನೆಯ ಮಗುವಿದೆಯೆಂಬ ನೆನಪು ಸಾಕು.

ಮಿಷಿಗನ್ನಿನ ಪಂಪ ಕನ್ನಡ ಕೂಟ, ಷಿಕಾಗೋದ ವಿದ್ಯಾರಣ್ಯ ಕನ್ನಡ ಕೂಟ ಮೊದಲಾದ ಸಂಸ್ಥೆಗಳೂ, ಉತ್ತರ ಅಮೆರಿಕದ ವೀರಶೈವ ಸಮಾಜವೂ ನಮ್ಮವರನ್ನು ಒಂದುಗೂಡಿಸುತ್ತ ಬಂದಿವೆ. ದೊಡ್ಡ ಸಮ್ಮೇಳನಗಳು ಚಳಿಗಾಲವನ್ನು ತಪ್ಪಿಸಿ ನಡೆದರೂ ಸಂಕ್ರಾಂತಿ ಬರುವುದು ಜನವರಿಯಲ್ಲಿ, ಮಹಾಶಿವರಾತ್ರಿ ಬರುವುದು ಫೆಬ್ರವರಿ, ಮಾರ್ಚಿಯಲ್ಲಿ. ಶಿವರಾತ್ರಿಯ ಜಾಗರಣೆ ಮುಗಿಸಿ ಭಕ್ತರು ಹೊರಬರುವುದು ರಾತ್ರಿಯ ಅತ್ಯಂತ ತಣ್ಣನೆಯ ಹೊತ್ತಿನಲ್ಲಿ. ಹೊಟ್ಟೆಯಲ್ಲಿ ಉಪವಾಸ, ಕಣ್ಣಿನಲ್ಲಿ ನಿದ್ರೆ, ಕಾರಿನ ಮೇಲೆ ಗೇಣುದ್ದದ ಹಿಮ, ರಸ್ತೆಯಲ್ಲಿ ಕಣ್ಣಿಗೆ ಕಾಣದ ತೆಳುವಾದ ಮಂಜುಗಡ್ಡೆ. ಸೇತುವೆಗಳ ಮೇಲೆ ಅದು ಮೊದಲು ಕಟ್ಟುತ್ತದೆ. ಅಂಥ ಹೊತ್ತಿನಲ್ಲಿ ಅವಸರಪಡದೆ, ಪ್ರಸಾದ ಸ್ವೀಕರಿಸಿ, ಬೆಳಕು ಹರಿದು ರಸ್ತೆ ತೆರವಾದ ಮೇಲೆ ಹೊರಡುವುದು ವ್ರತಕ್ಕೆ ಭಂಗವಲ್ಲ.

ದಾರಿಯಲ್ಲಿ ಸಿಲುಕಿದರೆ ಕಾರನ್ನು ಬಿಟ್ಟು ನಡೆದು ಹೋಗಬಾರದು. 2022ರ ಡಿಸೆಂಬರಿನಲ್ಲಿ ಬಫಲೋ ನಗರದ ಪ್ರಾಂತದಲ್ಲಿ ಬೀಸಿದ ಹಿಮಬಿರುಗಾಳಿಗೆ ನಲವತ್ತಕ್ಕೂ ಹೆಚ್ಚು ಮಂದಿ ಬಲಿಯಾದರು. ಕೆಲವರು ಬೀದಿಯಲ್ಲಿ, ಕೆಲವರು ವಾಹನಗಳಲ್ಲಿ. ಬಿರುಗಾಳಿಯ ಮುನ್ಸೂಚನೆ ಇದ್ದಾಗ ಹೊರಡದಿರುವುದೇ ಮೊದಲ ವಿವೇಕ. ಸಿಲುಕಿದ ಮೇಲೆ, ಹೊಗೆಯ ಕೊಳವೆಯನ್ನು ಆಗಾಗ ತೆರವು ಮಾಡುತ್ತ, ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ ಹಾಕಿ, ಗಾಳಿ ಬೀಸದ ಕಡೆಯ ಕಿಟಕಿಯನ್ನು ಸ್ವಲ್ಪ ತೆರೆದಿಟ್ಟು ನೆರವಿಗೆ ಕಾಯಬೇಕು. ಕಾರಿನಲ್ಲಿ ಕಂಬಳಿ, ಟಾರ್ಚು, ಸಣ್ಣ ಸಲಿಕೆ, ಚಕ್ರ ಜಾರದಿರಲು ಒಂದಿಷ್ಟು ಮರಳು, ಕುಡಿಯುವ ನೀರು ಸದಾ ಇರಬೇಕು. ಊರಿನಿಂದ ಒಯ್ದ ಎಳ್ಳುಂಡೆ, ಶೇಂಗಾ ಚಿಕ್ಕಿಗಳ ಒಂದು ಡಬ್ಬಿಯನ್ನೂ ಅಲ್ಲಿಯೇ ಇಟ್ಟರೆ ಅಜ್ಜಿಯ ಕೈಯಡುಗೆ ಆಪತ್ತಿಗೂ ಆದೀತು.

ಈ ಸಂಚಿಕೆ ಕೈಸೇರಿದ ದಿನ ಓದುಗ ಬಂಧುಗಳು ದೂರದ ಮಕ್ಕಳಿಗೆ ಫೋನ್ ಮಾಡಿ, ಕುಶಲ ವಿಚಾರಿಸಿದ ಮೇಲೆ, ಹೊಗೆಯ ಕೊಳವೆಯ ಮಾತನ್ನೊಮ್ಮೆ ಕೇಳಲಿ. ಬಲ್ಲೆವೆಂದು ಅವರು ನಕ್ಕರೆ ಸಂತೋಷ. ತಿಳಿದಿಲ್ಲವೆಂದರೆ ತಿಳಿಸಿದ ಪುಣ್ಯ ನಿಮ್ಮದು. ಹಿಮದ ನಾಡಿನಲ್ಲಿರುವ ನಮ್ಮ ಮಕ್ಕಳು ಮೊಮ್ಮಕ್ಕಳನ್ನು ಪರಶಿವನು ಕ್ಷೇಮವಾಗಿ ಕಾಪಾಡಲಿ. ಶರಣು ಶರಣಾರ್ಥಿ.